ಓದುಗರ ಗ್ಯಾರೇಜು: ಹಳೆಯ ಗಾಡಿ, ಗುಂಯ್‌ಗುಡುವ ಚಕ್ರ

ಪ್ರಶ್ನೆ: ನನ್ನದು 2004ರ ಮಾರುತಿ 800. ವೇಗ 40 ಕಿ.ಮೀ. ದಾಟಿದೊಡನೆ ಗುಂಯ್ ಎಂಬ ಸದ್ದು ಶುರುವಾಗುತ್ತದೆ, 60ಕ್ಕೆ ಹೋದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಮುಂದಿನ ಎಡ ಚಕ್ರದ್ದು ಎಂದು ಹೇಳಿ ಮೆಕ್ಯಾನಿಕ್ ಆ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ) ಬದಲಿಸಿದರು. ಸದ್ದು ಹಾಗೇ ಇದೆ. ಈಗ ಗೇರ್‌ಬಾಕ್ಸ್ ಇಳಿಸಬೇಕು ಅನ್ನುತ್ತಿದ್ದಾರೆ. ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ನೋಡಿದೆ, ವ್ಯತ್ಯಾಸವಿಲ್ಲ. ಓಡುವಾಗ ಸ್ಟಿಯರಿಂಗ್ ಬಲಕ್ಕೆ ಎಳೆದರೆ ಮಾತ್ರ ಸದ್ದು ತುಸು ಇಳಿಯುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಸಾಗರ

ಉತ್ತರ: ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ನಿಮ್ಮ ಪತ್ರದ ಕೊನೆಯ ಮಾತಿನಲ್ಲೇ ದೊಡ್ಡ ಸುಳಿವಿದೆ. ಗಾಡಿ ಬಲಕ್ಕೆ ತಿರುಗಿದಾಗ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ, ಬಲ ಚಕ್ರಗಳು ಹಗುರಾಗುತ್ತವೆ. ಆಗ ಸದ್ದು ಇಳಿಯುತ್ತದೆ ಅಂದರೆ ಅನುಮಾನ ಬಲಗಡೆಯ ಮೇಲೆ. ನೀವು ದುಡ್ಡು ಕೊಟ್ಟು ಬದಲಿಸಿದ್ದು ಎಡಗಡೆಯದು.

ಇಂಥ ತಪ್ಪು ಆಗುವುದು ಕಿವಿಯನ್ನು ನಂಬುವುದರಿಂದ. 800ರ ಬಾಡಿ ತೆಳು ತಗಡು. ಹಿಂದಿನ ಚಕ್ರದ ಸದ್ದು ತಗಡಿನುದ್ದಕ್ಕೂ ಹರಿದು ಮುಂದಿನ ಸೀಟಿನ ಕೆಳಗೆ ಬಂದು ಮೊಳಗುತ್ತದೆ. ಒಳಗೆ ಕೂತವರಿಗೆ ಹಿಂದು ಮುಂದು, ಎಡ ಬಲ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಹಾಗಂತ ಸ್ಟಿಯರಿಂಗ್ ಪರೀಕ್ಷೆಯೊಂದನ್ನೇ ನಂಬಿ ಸಾಮಾನು ತರಬೇಡಿ. ಸವೆತ ಬೇರಿಂಗಿನ ಯಾವ ಬದಿಯಲ್ಲಿದೆ ಎಂಬುದರ ಮೇಲೆ ಫಲಿತಾಂಶ ಒಮ್ಮೊಮ್ಮೆ ತಿರುವುಮುರುವಾಗುವುದುಂಟು. ಈ ಪರೀಕ್ಷೆಯಿಂದ ಎಲ್ಲಿಂದ ಹುಡುಕಲು ಶುರು ಮಾಡಬೇಕು ಎಂಬುದಷ್ಟೇ ಗೊತ್ತಾಗುತ್ತದೆ.

ಮೊದಲು ಗೇರ್‌ಬಾಕ್ಸಿನ ಮಾತು ಮುಗಿಸೋಣ. ಖಾಲಿಯಿರುವ ನೇರ ರಸ್ತೆಯಲ್ಲಿ 60ಕ್ಕೆ ಏರಿಸಿ, ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ತಾನಾಗಿ ಉರುಳಲು ಬಿಡಿ. ಎಂಜಿನ್ ಆಫ್ ಮಾಡಬೇಡಿ, ಬ್ರೇಕ್ ಗಟ್ಟಿಯಾಗುತ್ತದೆ, ಕೀ ಪೂರ್ತಿ ತಿರುಗಿದರೆ ಸ್ಟಿಯರಿಂಗೂ ಲಾಕ್ ಆದೀತು. ಎಂಜಿನ್ ಐಡಲ್‌ಗೆ ಇಳಿದರೂ ಸದ್ದು ಹಾಗೇ ಉಳಿದು, ಗಾಡಿಯ ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಎಂಜಿನ್ನಿಗೂ ಕ್ಲಚ್ಚಿಗೂ ಅದರ ಸಂಬಂಧವಿಲ್ಲ. ಗೇರ್‌ಬಾಕ್ಸಿನೊಳಗೆ ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಮಾತ್ರ ಆಗಲೂ ತಿರುಗುತ್ತಲೇ ಇರುತ್ತದೆ. ಆದರೆ ಗೇರ್ ಹಲ್ಲುಗಳ ಸದ್ದಿಗೆ ಒಂದು ಗುಣವಿದೆ: ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಕಾಲು ತೆಗೆದಾಗ ಇನ್ನೊಂದು. ಬೇರಿಂಗಿನ ಸದ್ದಿಗೆ ಆ ವ್ಯತ್ಯಾಸವಿಲ್ಲ, ಅದು ಬದಲಾಗುವುದು ವೇಗಕ್ಕೆ ಮತ್ತು ಭಾರಕ್ಕೆ ಮಾತ್ರ.

ಟೈರು ಹಿಂದೆ ಮುಂದೆ ಮಾಡಿ ನೋಡಿದ್ದು ಒಳ್ಳೆಯದಾಯಿತು. ಹಳೆಯ ಗಾಡಿಗಳಲ್ಲಿ ಬೇರಿಂಗ್ ಎಂದು ಬದಲಿಸಿದ್ದರಲ್ಲಿ ಎಷ್ಟೋ ಸಲ ನಿಜವಾದ ಕಳ್ಳ ಟೈರೇ. ಒಂದೇ ರೀತಿಯ ಸದ್ದು, ಆದರೆ ಟೈರಿನದು ರಸ್ತೆಯ ಮೈ ಬದಲಾದಂತೆ ಬದಲಾಗುತ್ತದೆ. ಕಾಂಕ್ರೀಟ್ ರಸ್ತೆಯಿಂದ ನುಣುಪಾದ ಹೊಸ ಡಾಂಬರಿಗೆ ಇಳಿದಾಗ ಸದ್ದು ಸಟ್ಟನೆ ಕಮ್ಮಿಯಾದರೆ ಅದು ಟೈರು. ಟೈರಿನ ಗುಂಡಿಗಳ (ರಸ್ತೆಗೆ ತಾಗುವ ಉಬ್ಬುಗಳ) ಮೇಲೆ ಅಂಗೈಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಎಳೆಯಿರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗರ ಅನ್ನಿಸಿದರೆ ಅಥವಾ ಅಲೆಅಲೆಯಾಗಿ ಸವೆದಿದ್ದರೆ ಸದ್ದು ಬಂದೇ ಬರುತ್ತದೆ. ಜೊತೆಗೆ ಪಕ್ಕದ ಗೋಡೆಯಲ್ಲಿರುವ ನಾಲ್ಕಂಕಿಯನ್ನೂ ಓದಿ: 3516 ಅಂದರೆ 2016ರ 35ನೇ ವಾರ ತಯಾರಾದದ್ದು. ಕಡಿಮೆ ಓಡುವ ಹಳೆಯ ಕಾರುಗಳಲ್ಲಿ ಗುಂಡಿ ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ.

ಸದ್ದು ಎಡೆಬಿಡದೆ ಬರುತ್ತದೋ ಚಕ್ರದ ಒಂದೊಂದು ಸುತ್ತಿಗೆ ಒಂದೊಂದು ಸಲ ಬರುತ್ತದೋ ಎಂಬುದನ್ನೂ ಗಮನಿಸಿ. 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್. 10 ಕಿ.ಮೀ. ವೇಗದಲ್ಲಿ ಚಕ್ರ 10 ಸೆಕೆಂಡಿಗೆ ಸುಮಾರು 17 ಸುತ್ತು ಹಾಕುತ್ತದೆ. ಪಕ್ಕದಲ್ಲಿ ಕೂತವರು ಗಡಿಯಾರ ಹಿಡಿದು ಎಣಿಸಲಿ. ‘ದಬ್ ದಬ್’ ಅಥವಾ ‘ಸರ್ ಸರ್’ ಅದೇ ಲೆಕ್ಕಕ್ಕೆ ಬಂದರೆ ಟೈರಿನ ಒಳಪದರ ಬಿಟ್ಟಿರುವುದು, ಬೆಂಡಾದ ರಿಮ್, ಡಿಸ್ಕ್ ಹಿಂದಿನ ತಗಡಿಗೆ ಸಿಕ್ಕಿಕೊಂಡ ಕಲ್ಲು, ಸಡಿಲವಾದ ವೀಲ್ ನಟ್, ಇವನ್ನು ನೋಡಬೇಕು. ನಟ್ ಸಡಿಲ ಎಂದು ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ, 800ರಲ್ಲಿ ಇರುವುದೇ ನಾಲ್ಕು. ಬೇರಿಂಗ್ ಹೀಗೆ ಎಣಿಸಲು ಸಿಗುವುದಿಲ್ಲ. ಅದರ ಹಾದಿಯಲ್ಲಿ ಒಂದು ಗುಳಿ ಬಿದ್ದರೆ ಒಂದು ಸುತ್ತಿನಲ್ಲೇ ಹಲವು ಗುಂಡುಗಳು ಅದರ ಮೇಲೆ ಹಾದುಹೋಗುತ್ತವೆ, ಹಾಗಾಗಿ ಅದು ಗುಂಯ್ ಅನ್ನುವುದು.

ಇನ್ನು ನಿರ್ಧಾರದ ಪರೀಕ್ಷೆ. ಇದಕ್ಕೆ ಜಾಕ್, ಸ್ಟ್ಯಾಂಡ್ ಮತ್ತು ಕೈ ಸಾಕು. ಗಟ್ಟಿ ಸಮತಟ್ಟು ನೆಲ ಬೇಕು. ಹಿಂದಿನ ಚಕ್ರ ಎತ್ತುವಾಗ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕಾಗುತ್ತದೆ, ಏಕೆಂದರೆ ಅದು ಹಿಡಿಯುವುದೇ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮನ್ನು. ಆದ್ದರಿಂದ ಗಾಡಿಯನ್ನು ಫಸ್ಟ್ ಗೇರಿನಲ್ಲಿಟ್ಟು ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಮುಂದಿನದು ಎತ್ತುವಾಗ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ.

ಎತ್ತಿದ ಚಕ್ರವನ್ನು ಒಂದು ಕೈಯಿಂದ ಜೋರಾಗಿ ತಿರುಗಿಸಿ, ಇನ್ನೊಂದು ಅಂಗೈಯನ್ನು ಕಾಯಿಲ್ ಸ್ಪ್ರಿಂಗಿನ ಮೇಲೆ ಒತ್ತಿ ಹಿಡಿಯಿರಿ. ಬೆರಳು ಟೈರಿಗೆ ತಾಗದಂತೆ ಎಚ್ಚರ. ಒಳ್ಳೆಯ ಬೇರಿಂಗ್ ಆದರೆ ಸ್ಪ್ರಿಂಗಿನಲ್ಲಿ ಏನೂ ಗೊತ್ತಾಗುವುದಿಲ್ಲ. ಹೋದ ಬೇರಿಂಗ್ ಆದರೆ ರಾಗಿ ಬೀಸುವ ಕಲ್ಲಿಗೆ ಕೈಯಿಟ್ಟ ಹಾಗೆ ಗರಗರ ನಡುಕ ಬರುತ್ತದೆ. ಕಿವಿಗೆ ಇನ್ನೂ ಕೇಳದ ಸವೆತವೂ ಇಲ್ಲಿ ಸಿಕ್ಕಿಬೀಳುತ್ತದೆ. ನಾಲ್ಕೂ ಚಕ್ರಗಳಿಗೆ ಮಾಡಿ ಹೋಲಿಸಿ. ನಿಮ್ಮ ಗಾಡಿಯಲ್ಲಿ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಅನುಕೂಲ. ಪಟ್ಟಿ ಸ್ಪ್ರಿಂಗಿನ ಗಾಡಿಯಾದರೆ ಡ್ರಮ್ಮಿನ ಹಿಂಬದಿಯ ತಟ್ಟೆಯ ಮೇಲೆ ಕೈಯಿಡಬೇಕು. ಎಂಜಿನ್ ಶುರು ಮಾಡಿ ಗೇರ್ ಹಾಕಿ ಚಕ್ರ ತಿರುಗಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ, ಬೇಡ. ಮುಂದಿನ ಒಂದೇ ಚಕ್ರ ಎತ್ತಿದ್ದರೆ ಡಿಫರೆನ್ಷಿಯಲ್ ಕಾರಣ ಅದು ಮೀಟರ್ ತೋರಿಸುವುದರ ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ.

ಆಮೇಲೆ ಚಕ್ರವನ್ನು ಮೇಲೆ ಕೆಳಗೆ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಟಕ್ ಎಂದು ಅಲುಗಿದರೆ ಒಳಗೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಅಲುಗಾಟ ನಿಂತರೆ ಬೇರಿಂಗ್, ಆಗಲೂ ಇದ್ದರೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಶನ್ ಬುಷ್. ಮುಂದಿನ ಚಕ್ರ 3 ಮತ್ತು 9ರ ಜಾಗದಲ್ಲಿ ಮಾತ್ರ ಅಲುಗಿದರೆ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈರಾಡ್ ಎಂಡ್ ನೋಡಿ. ಕೈಗೆ ತಿಳಿಯುವಷ್ಟು ಬೇರಿಂಗ್ ಅಲುಗಿದರೆ ಆ ಗಾಡಿಯನ್ನು ರಸ್ತೆಗೆ ತರಬೇಡಿ.

ಬಲಗಡೆಯ ಹಿಂದಿನ ಡ್ರಮ್ಮನ್ನೇ ಮೊದಲು ಪರೀಕ್ಷಿಸಿ ಎಂಬುದು ನಮ್ಮ ಸಲಹೆ. ಮುಂದಿನ ಬೇರಿಂಗಿನ ಮೇಲೆ ಎಲ್ಲರ ಕಣ್ಣಿರುತ್ತದೆ, ಹಿಂದಿನದನ್ನು ಬ್ರೇಕ್ ಲೈನರ್ ಬದಲಿಸುವವರೆಗೆ ಯಾರೂ ಬಿಚ್ಚುವುದಿಲ್ಲ. ಮಲೆನಾಡಿನ ಮಳೆಯಲ್ಲಿ ರಸ್ತೆ ಮೇಲೆ ನೀರು ಹರಿಯುವ ಕಡೆ ಓಡಿಸಿದಾಗ ಬಿಸಿಯಾದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ಒಮ್ಮೆಗೇ ತಣ್ಣಗಾಗಿ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬಿಚ್ಚಿದಾಗ ಗ್ರೀಸು ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಕಾರಣ ಅದೇ.

ಬದಲಿಸುವಾಗ ಎದುರು ನಿಂತು ನೋಡಿ. ಎರಡು ಬೇರಿಂಗ್‌ಗಳ ನಡುವೆ ಒಂದು ಸ್ಪೇಸರ್ ಕೊಳವೆ ಇರುತ್ತದೆ. ಅದನ್ನು ಮರೆತು ನಟ್ ಬಿಗಿದರೆ ಗುಂಡುಗಳು ಅಡ್ಡ ಒತ್ತಡಕ್ಕೆ ಸಿಕ್ಕಿ ಹೊಸ ಬೇರಿಂಗ್ ಬೇಗನೆ ಕೂಗತೊಡಗುತ್ತದೆ. ಬೇರಿಂಗನ್ನು ಹಬ್‌ಗೆ ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ, ಶಾಫ್ಟಿಗೆ ಕೂರಿಸುವಾಗ ಒಳ ರಿಂಗಿನ ಮೇಲೆ ಮಾತ್ರ ಒತ್ತಡ ಬೀಳಬೇಕು. ಒಳ ರಿಂಗಿಗೆ ಸುತ್ತಿಗೆ ಏಟು ಕೊಟ್ಟು ಹೊರ ರಿಂಗನ್ನು ಕೂರಿಸಿದರೆ ಏಟೆಲ್ಲ ಗುಂಡುಗಳ ಮೂಲಕ ಹಾದು ಹಾದಿಯಲ್ಲಿ ಸಣ್ಣ ಗುಳಿ ಬೀಳಿಸುತ್ತದೆ. ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ದರೆ ಈ ಗೊಡವೆಯಿಲ್ಲ. ಸೀಲ್ ಮತ್ತು ಸ್ಪ್ಲಿಟ್ ಪಿನ್ ಹೊಸವೇ ಆಗಲಿ. ತೆರೆದ ಬೇರಿಂಗ್ ಆದರೆ ಲಿಥಿಯಂ ಗ್ರೀಸನ್ನು ಗುಂಡುಗಳ ನಡುವೆ ಚೆನ್ನಾಗಿ ತುಂಬಿ, ಹಬ್ಬಿನ ಖಾಲಿ ಜಾಗದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಹೆಚ್ಚಾದರೆ ಬಿಸಿಯಾಗುತ್ತದೆ. ಮುಂದಿನ ಚಕ್ರದ ಕೆಲಸವಾದರೆ ಇನ್ನೊಂದು ಎಚ್ಚರಿಕೆ: ಡ್ರೈವ್ ಶಾಫ್ಟಿನ ನಟ್ ಪೂರ್ತಿ ಬಿಗಿಯುವ ಮೊದಲು ಗಾಡಿಯನ್ನು ಒಂದು ಗಜವೂ ಉರುಳಿಸಬಾರದು. ಬಿಗಿ ಎಷ್ಟೆಂಬುದನ್ನು ಸರ್ವಿಸ್ ಪುಸ್ತಕ ನೋಡಿ ಟಾರ್ಕ್ ರೆಂಚಿನಲ್ಲೇ ಹಾಕಿಸಿ.

ಪ್ರಶ್ನೆ: 2009ರ ಬೊಲೆರೊ. ಮುಂದಿನ ಹಬ್‌ಗಳಿಗೆ ಗ್ರೀಸು ಹಾಕಿಸಿದ ಮೇಲೆ ಬಲ ಚಕ್ರ ಕೈಯಿಡಲಾಗದಷ್ಟು ಕಾಯುತ್ತದೆ, ಸಣ್ಣಗೆ ಕೊಂಯ್ ಅನ್ನುತ್ತದೆ. ಬ್ರೇಕ್ ಹಿಡಿದುಕೊಂಡಿಲ್ಲ.
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಟ್ ಅತಿಯಾಗಿ ಬಿಗಿದಿದ್ದಾರೆ. ಅಲ್ಲಿರುವುದು ಟೇಪರ್ ರೋಲರ್ ಬೇರಿಂಗ್, ಅದಕ್ಕೆ ಕೂದಲೆಳೆಯಷ್ಟು ಸಡಿಲ ಬೇಕೇ ಬೇಕು. ಇಂಥ ಹಬ್‌ಗಳಲ್ಲಿ ಸಾಮಾನ್ಯವಾಗಿ 0.025ರಿಂದ 0.125 ಮಿ.ಮೀ. ಬಿಡುತ್ತಾರೆ. ಚಕ್ರವನ್ನು ತಿರುಗಿಸುತ್ತಲೇ ನಟ್ ಬಿಗಿದು ರೋಲರ್‌ಗಳನ್ನು ಜಾಗಕ್ಕೆ ಕೂರಿಸಬೇಕು, ಪೂರ್ತಿ ಸಡಿಲಿಸಬೇಕು, ಮತ್ತೆ ಬೆರಳಿನ ಬಲದಲ್ಲಷ್ಟೇ ತಂದು ನಿಲ್ಲಿಸಿ ಲಾಕ್ ಮಾಡಬೇಕು. ತಿರುಗಿಸದೆ ಬಿಗಿದರೆ ರೋಲರ್‌ಗಳು ಓರೆಯಾಗಿ ನಿಂತು ಬಿಗಿಯಾಯಿತೆಂಬ ಭ್ರಮೆ ಕೊಡುತ್ತವೆ. ಕಾದ ಬೇರಿಂಗನ್ನು ಈಗ ಸಡಿಲಿಸಿ ಹಾಗೇ ಬಿಡಬೇಡಿ, ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ನೋಡಿ. ರೋಲರ್ ನೀಲಿಗಟ್ಟಿದ್ದರೆ ಅಥವಾ ಹೊರ ಕಪ್ಪಿನಲ್ಲಿ (ರೋಲರ್‌ಗಳು ಓಡುವ ಹೊರ ರಿಂಗ್) ಚಿಕ್ಕೆಯಾಗಿ ಲೋಹ ಎದ್ದಿದ್ದರೆ ಕಪ್ಪು ಮತ್ತು ರೋಲರ್ ಎರಡನ್ನೂ ಜೋಡಿಯಾಗಿ ಬದಲಿಸಿ. ಹಳೆಯ ಕಪ್ಪಿಗೆ ಹೊಸ ರೋಲರ್ ಕೂರಿಸಿದರೆ ಬಾಳುವುದಿಲ್ಲ. ಕೆಲಸ ಮುಗಿದ ಮೇಲೆ 10 ಕಿ.ಮೀ. ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ ಎರಡೂ ಕಡೆಯ ಹಬ್ ಮುಚ್ಚಳ ಮುಟ್ಟಿ ನೋಡಿ. ಡಿಸ್ಕ್ ಮುಟ್ಟಬೇಡಿ. ಎರಡೂ ಒಂದೇ ಹದದ ಬೆಚ್ಚಗಿರಬೇಕು.

ಪ್ರಶ್ನೆ: ಹಳೆಯ ಆಲ್ಟೊ. ಮನೆಯ ಕಾಂಪೌಂಡಿನಿಂದ ಪೂರ್ತಿ ತಿರುಗಿಸಿ ಹೊರಗೆ ತೆಗೆಯುವಾಗ ಟಕ ಟಕ ಸದ್ದು. ನೇರ ರಸ್ತೆಯಲ್ಲಿ ಏನೂ ಇಲ್ಲ.
— ಓದುಗರೊಬ್ಬರು, ಮಂಗಳೂರು

ಉತ್ತರ: ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ಓರೆಯಾಗಿದ್ದಾಗಲೂ ಎಂಜಿನ್ನಿನ ಬಲವನ್ನು ಅದಕ್ಕೆ ಮುಟ್ಟಿಸುವ ಕೀಲು. ಮುಂದಿನ ಚಕ್ರಗಳ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ, ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಮೈಗೆ ಕಪ್ಪು ಗ್ರೀಸು ಎರಚಿರುತ್ತದೆ. ಬೂಟ್ ಹರಿದದ್ದು ಕಂಡರೂ ಸದ್ದು ಇನ್ನೂ ಬಂದಿಲ್ಲವಾದರೆ ತೊಳೆದು, ಮಾಲಿಬ್ಡಿನಂ ಗ್ರೀಸು ತುಂಬಿ ಹೊಸ ಬೂಟ್ ಹಾಕಿದರೆ ಉಳಿಯುತ್ತದೆ. ಸದ್ದು ಬಂದ ಮೇಲೆ ಜಾಯಿಂಟನ್ನೇ ಬದಲಿಸಬೇಕು.

ಪ್ರಶ್ನೆ: ರಾತ್ರಿ ಮಳೆ ಬಂದರೆ ಬೆಳಿಗ್ಗೆ ಮುಂದಿನ ಚಕ್ರಗಳಿಂದ ಕರಕರ ಸದ್ದು, ಸ್ವಲ್ಪ ದೂರ ಹೋದರೆ ಇಲ್ಲ.
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು. ಎರಡು ಮೂರು ಬ್ರೇಕಿಗೆ ಅಳಿಸಿಹೋದರೆ ಚಿಂತೆಯಿಲ್ಲ. ಆಮೇಲೂ ಕೀಚಲು ಸದ್ದು ಉಳಿದು, ಪೆಡಲ್ ಮೆಲ್ಲಗೆ ಒತ್ತಿದಾಗ ನಿಂತರೆ ಅಥವಾ ಬದಲಾದರೆ ಪ್ಯಾಡ್ ಎಷ್ಟು ದಪ್ಪ ಉಳಿದಿದೆ ಎಂದು ಬಿಚ್ಚಿಸಿ ನೋಡಿ.