ಯಾವ ಪ್ಯಾಕೂ ಬೇಡ, ಮೊದಲು ಫೋನಿನ ರೆಕಾರ್ಡರ್ ಸೆಟ್ಟಿಂಗ್ ನೋಡಿ

'ನನ್ನ ಟ್ರ್ಯಾಕ್ ಎಲ್ಲರದ್ದರ ಹಾಗೇ ಕೇಳಿಸುತ್ತದೆ, ಯಾವ ಸ್ಯಾಂಪಲ್ ಪ್ಯಾಕ್ (ಸಂಗೀತ ಕಟ್ಟಲು ಮಾರುವ ಸಿದ್ಧ ಸದ್ದುಗಳ ಕಟ್ಟು) ಕೊಳ್ಳಲಿ?' ಅಂತ ಕೇಳಿದ್ದೀರಿ. ಮುಂಬೈ ಹತ್ತಿರದ ಡೊಂಬಿವಲಿಯ ಬಾಡಿಗೆ ಕೋಣೆಯಲ್ಲಿ ಕೂತು ನಾನೂ ಇದನ್ನೇ ಕೇಳುತ್ತಿದ್ದೆ.

ನನ್ನ ಸೋದರಮಾವನಿಗೆ ಮಾಟುಂಗಾದಲ್ಲಿ ಚಿಕ್ಕ ಹೋಟೆಲಿತ್ತು. ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಏಳುವ ಚುಂಯ್, ಹಿಂದೆಯೇ ಹಿಡಿಸೂಡಿಯ ಸರಸರ. ಅದನ್ನು ಒಂದು ಆಕ್ಟೇವ್ (ಒಂದು ಸ್ಥಾಯಿ) ಇಳಿಸಿ, ಎಳೆದು, ಸಮುದ್ರದಂಥ ಸದ್ದು ಮಾಡಬೇಕು ಅಂತ ಆಸೆ. ಒಂದು ಭಾನುವಾರ ಫೋನಿನಲ್ಲಿ ನಲವತ್ತು ನಿಮಿಷ ರೆಕಾರ್ಡ್ ಮಾಡಿದೆ. ಫೈಲ್ ತೆರೆದದ್ದು ನಾಲ್ಕು ತಿಂಗಳ ಮೇಲೆ. ಪಿಚ್ ಇಳಿಸಿದರೆ, ಮುಚ್ಚಿದ ಡಬ್ಬಿಯೊಳಗಿಂದ ಯಾರೋ ಉಸಿರಾಡಿದ ಹಾಗೆ!

ತಪ್ಪು ಏನು ಗೊತ್ತಾ? ರೆಕಾರ್ಡರ್ ಮಾತಿನ ಮೋಡ್‌ನಲ್ಲಿತ್ತು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಅಳೆಯುವ ಲೆಕ್ಕ) 16,000. ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತೇವೋ ಅದರ ಅರ್ಧದಷ್ಟು ಹರ್ಟ್ಜ್‌ವರೆಗೆ (ಸೆಕೆಂಡಿನ ಕಂಪನಗಳ ಲೆಕ್ಕ, ಹೆಚ್ಚಿದಷ್ಟೂ ಸದ್ದು ಕೀಚಲು) ಮಾತ್ರ ಫೈಲಿನಲ್ಲಿ ಉಳಿಯುತ್ತದೆ. ಸಿಡಿಯ 44,100ರಲ್ಲಿ ಸುಮಾರು 22,000ದವರೆಗೂ ಸಿಗುತ್ತದೆ. ನನ್ನದು 8,000ಕ್ಕೇ ಮುಗಿದಿತ್ತು. ಒಂದು ಆಕ್ಟೇವ್ ಇಳಿಸಿದರೆ ಎಲ್ಲವೂ ಅರ್ಧ, ಅಂದರೆ 4,000ದ ಮೇಲೆ ಏನೂ ಇಲ್ಲ. ಈಕ್ಯೂನಲ್ಲಿ (ಕೀಚಲು, ದಪ್ಪ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಎಷ್ಟು ಎತ್ತಿದರೂ ಇಲ್ಲದ್ದು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ನಾಯ್ಸ್ ರಿಡಕ್ಷನ್ ಬೇರೆ ಆನ್ ಇತ್ತು. ಅದಕ್ಕೆ ಬೇಕಾದದ್ದು ಮನುಷ್ಯರ ಮಾತು. ಒಂದೇ ಸಮನೆ ಬರುವ ಸುಯ್ ಸದ್ದು ಅದರ ಲೆಕ್ಕದಲ್ಲಿ ಕಸ. ನಾನು ಹಿಡಿಯಲು ಹೋಗಿದ್ದ ಚುಂಯ್ ಅನ್ನೇ ಗುಡಿಸಿ ಹಾಕಿತ್ತು.

ಮತ್ತೆ ಹೋಗೋಣ ಅಂದರೆ ಅಷ್ಟರಲ್ಲಿ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗಿತ್ತು. ಮಾವ ಕುಂದಾಪುರಕ್ಕೆ ಹೊರಟುಹೋದರು. ಆ ಕಾವಲಿ ಈಗ ಎಲ್ಲಿದೆಯೋ. ಇಂದಿಗೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಪ್ಯಾಕ್ ಬೇಡ. ನೀವು ಕೊಳ್ಳುವುದನ್ನೇ ಇನ್ನೂ ಎಷ್ಟೋ ಜನ ಕೊಂಡಿರುತ್ತಾರೆ ಅಲ್ವಾ? ರೆಕಾರ್ಡರಿನಲ್ಲಿ ವೇವ್ (WAV) ಫೈಲ್, ಸ್ಯಾಂಪಲ್ ರೇಟ್ 48,000, ಪ್ರತಿ ಅಳತೆಗೆ 24 ಬಿಟ್ ಇಡಿ. ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಅತಿ ಜೋರಿನ ಸದ್ದೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಿರಲಿ. ಜಾಗ ಬಿಡುವ ಮುಂಚೆ ಇಯರ್‌ಫೋನ್ ಹಾಕಿ ಕೇಳಿ, ಮನೆಗೆ ಹೋಗಿ ಅಲ್ಲ. ಕತ್ತರಿಸುವುದು, ತಿರುಗಿಸಿ ನುಡಿಸುವುದು, ಗ್ರ್ಯಾನ್ಯುಲರ್ (ಸದ್ದನ್ನು ಸಣ್ಣ ಕಣಗಳಾಗಿ ಒಡೆದು ಜೋಡಿಸುವುದು) ಎಲ್ಲ ಆಮೇಲೆ ಕಲಿಯಬಹುದು.

ಇವತ್ತು ರಾತ್ರಿ ಒಗ್ಗರಣೆ ಹಾಕುವಾಗ ಅಡುಗೆಮನೆಗೆ ಹೋಗಿ. ಸಾಸಿವೆ ಸಿಡಿಯುವ ಸದ್ದನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿದರೆ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಆಗುತ್ತದೆ, ನಾನು ಈಗ ಜಾಸ್ತಿ ಬಳಸುವುದು ಅದನ್ನೇ. ಎಣ್ಣೆ ಹಾರುತ್ತದೆ, ಫೋನನ್ನು ಒಂದು ಮೊಳ ದೂರ ಇಡಿ.