ಹಾಡಿನಿಂದ ಏನಾಯಿತು?

ಪ್ರಶ್ನೆ: ಅಮೆರಿಕದ ಕಪ್ಪು ಜನರ ಹೋರಾಟದ ಬಗ್ಗೆ ಏನೇ ಓದಿದರೂ ಹಾಡುಗಳ ಮಾತು ಬರುತ್ತದೆ. ಲಾಠಿ, ಜೈಲುಗಳ ಎದುರು ಹಾಡು ನಿಜಕ್ಕೂ ಏನಾದರೂ ಮಾಡಿತೇ? ಅಥವಾ ಇದು ಆಮೇಲೆ ಕಟ್ಟಿದ ಕಥೆಯೇ?
– ಪದವಿ ವಿದ್ಯಾರ್ಥಿನಿ

ಉತ್ತರ: ಕಥೆಯಲ್ಲಮ್ಮ. 1962ರ ಆಗಸ್ಟ್ 31ರಂದು ಮಿಸಿಸಿಪ್ಪಿ ರಾಜ್ಯದಲ್ಲಿ 18 ಮಂದಿ ಕಪ್ಪು ಜನರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲ ಪಟ್ಟಣಕ್ಕೆ ಬಸ್ಸಿನಲ್ಲಿ ಹೋದರು. ಹೆಸರು ಸೇರಲಿಲ್ಲ. ಹಿಂದಿರುಗುವಾಗ ಪೊಲೀಸರು ಬಸ್ಸನ್ನು ತಡೆದು, ಅದರ ಹಳದಿ ಬಣ್ಣ ಶಾಲಾ ಬಸ್ಸಿನಂತಿದೆ ಎಂದು ಚಾಲಕನಿಗೆ ದಂಡ ಹಾಕಿದರು! ಒಳಗಿದ್ದವರಿಗೆ ಮುಂದೇನು ಕಾದಿದೆಯೋ ಎಂಬ ದಿಗಿಲು. ಆಗ ಹತ್ತಿ ತೋಟದ ಕೆಲಸಗಾರ್ತಿ ಫ್ಯಾನಿ ಲೂ ಹೇಮರ್ ಚರ್ಚಿನ ಹಾಡೊಂದನ್ನು ಎತ್ತಿಕೊಂಡರು. ಉಳಿದವರು ದನಿಗೂಡಿಸಿದರು. 18 ವರ್ಷ ದುಡಿದಿದ್ದ ತೋಟದಿಂದ ಮಾಲೀಕ ಹೇಮರ್ ಅವರನ್ನು ಅದೇ ರಾತ್ರಿ ಹೊರಹಾಕಿದ. ಅವರು ಹಿಂಜರಿಯಲಿಲ್ಲ, ಮುಂದಿನ ಜನವರಿಯಲ್ಲಿ ಹೆಸರು ಸೇರಿಸಿಯೇ ಬಿಟ್ಟರು.

ಚರ್ಚಿನ ಹಾಡು ಎಲ್ಲರಿಗೂ ಬಾಯಿಪಾಠ. ವಾದ್ಯ ಬೇಡ, ಓದು ಬರಹ ಬೇಡ; ಒಬ್ಬರು ಎತ್ತಿಕೊಟ್ಟರೆ ಸಾಕು. ಮುಖ ಕಾಣದ ಪಕ್ಕದ ಕೋಣೆಯ ಕೈದಿಗೂ ನೀನು ಒಬ್ಬನೇ ಅಲ್ಲ ಎಂದು ತಿಳಿಸಲು ಇದಕ್ಕಿಂತ ಸುಲಭದ ದಾರಿ ಇನ್ನಾವುದಿತ್ತು? 1961ರಲ್ಲಿ, ಬಸ್ಸುಗಳಲ್ಲಿನ ವರ್ಣಭೇದವನ್ನು ಮುರಿಯಲು ಹೊರಟವರನ್ನು ಪಾರ್ಚ್‌ಮನ್ ಜೈಲಿಗೆ ಹಾಕಿದರು. ಹಾಡು ನಿಲ್ಲಿಸದಿದ್ದರೆ ಹಾಸಿಗೆ ಕಿತ್ತುಕೊಳ್ಳುತ್ತೇವೆ ಎಂದು ಕಾವಲುಗಾರರು ಗದರಿಸಿದರು, ಕಿತ್ತುಕೊಂಡೂ ಬಿಟ್ಟರು. ಇವರು ಬರಿಯ ಕಬ್ಬಿಣದ ಮಂಚದ ಮೇಲೆ ಮಲಗಿ ಹಾಡಿದರು.

ಹಾಡಿಗೆ ಬಲವಿಲ್ಲದಿದ್ದರೆ ಆಳುವವರು ಹೆದರಬೇಕಾಗಿತ್ತೇ? 1739ರಲ್ಲಿ ದಕ್ಷಿಣ ಕೆರೊಲಿನಾದ ಗುಲಾಮರು ಡೋಲು ಬಾರಿಸುತ್ತ ದಂಗೆಯೆದ್ದರು. ಮರುವರ್ಷವೇ ಅಲ್ಲಿನ ಕಾನೂನು ಡೋಲನ್ನು ನಿಷೇಧಿಸಿತು. ಗಾಯಕ ಪಾಲ್ ರೋಬ್ಸನ್ ತಮ್ಮ ರಾಜಕೀಯ ನಿಲುವನ್ನು ಮುಚ್ಚಿಡಲಿಲ್ಲವೆಂದು ಸರ್ಕಾರ 1950ರಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡು, 1958ರವರೆಗೆ ಹಿಂದಿರುಗಿಸಲಿಲ್ಲ.

ಹಾಡೊಂದೇ ಮತದ ಹಕ್ಕನ್ನು ತಂದುಕೊಟ್ಟಿತು ಎಂದು ಮಾತ್ರ ನಾನು ಹೇಳಲಾರೆ. 1965ರ ಮತದಾನ ಹಕ್ಕು ಕಾಯ್ದೆಯ ಹಿಂದೆ ಮನೆಮನೆ ಅಲೆದವರ ದುಡಿಮೆಯಿದೆ, ಕೊಲೆಯಾದವರ ರಕ್ತವಿದೆ. ಎಲ್ಲ ಹಾಡುಗಳೂ ಸಹನೆಯ ಹಾಡುಗಳಲ್ಲ ಎಂಬುದೂ ನಿಮಗೆ ತಿಳಿದಿರಲಿ. 1963ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹುಡುಗಿಯರು ಸತ್ತರು. ಆ ಸುದ್ದಿ ಕೇಳಿ ಗಾಯಕಿ ನೀನಾ ಸಿಮೋನ್ ಬರೆದ ಹಾಡಿನಲ್ಲಿ ಇರುವುದು ಸಿಟ್ಟು, ನಿಧಾನವಾಗಿ ಹೋಗಿ ಎಂದು ಬುದ್ಧಿ ಹೇಳುವವರ ಮೇಲಿನ ಸಿಟ್ಟು. ಹೇಮರ್ ಅವರ ಧ್ವನಿಮುದ್ರಣಗಳೂ ಸಿಗುತ್ತವೆ. ಮೊದಲು ಅವರನ್ನು ಕೇಳಿ, ಆಮೇಲೆ ಸಿಮೋನ್ ಅವರನ್ನು. ನಿಮಗೆ ಏನನ್ನಿಸಿತೆಂದು ಬರೆಯಿರಿ.