ಕ್ಯಾರಿಯರ್ ಕಂಡರೆ ಓಡುವ ಬೆಕ್ಕಿಗೆ ಏನು ಮಾಡಬಹುದು

ನಿಮ್ಮ ಪೋಸ್ಟ್ ಓದಿ ಸಂಕಟವಾಯಿತು. ಕ್ಯಾರಿಯರ್, ಅಂದರೆ ಬೆಕ್ಕನ್ನು ಹಾಕಿಕೊಂಡು ಹೋಗುವ ಡಬ್ಬ, ಕಂಡ ಕೂಡಲೇ ಬೆಕ್ಕು ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಎಳೆದು ತುರುಕಲು ಹೋದರೆ ಕೈಯೆಲ್ಲ ಪರಚಿತು, ಇನ್ನು ಡಾಕ್ಟರ ಹತ್ತಿರ ಹೋಗುವುದೇ ಬೇಡ ಅನಿಸಿದೆ ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಬಿಡಬೇಡಿ. ಬೆಕ್ಕು ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ, ನಮಗೆ ಗೊತ್ತಾಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ.

ಅದು ಪರಚಿದ್ದು ಸಿಟ್ಟಿನಿಂದಲ್ಲ, ಹೆದರಿ. ಅದರ ಕಡೆಯಿಂದ ಯೋಚಿಸಿ ನೋಡಿ. ವರ್ಷಕ್ಕೆ ಒಂದೋ ಎರಡೋ ಸಲ ಅಟ್ಟದಿಂದ ಒಂದು ಡಬ್ಬ ಇಳಿಯುತ್ತದೆ, ಇಳಿದಾಗೆಲ್ಲ ಗಾಡಿಯ ಸದ್ದು, ನಾಯಿಗಳ ವಾಸನೆ, ಕೊನೆಗೆ ಸೂಜಿ. ಓಡದೆ ಇನ್ನೇನು ಮಾಡುತ್ತದೆ, ಅಲ್ವಾ?

ಹಾಗಾಗಿ ಮೊದಲು ಕ್ಯಾರಿಯರನ್ನು ಅಟ್ಟದಿಂದ ಇಳಿಸಿ, ಬೆಕ್ಕು ದಿನವೂ ಮಲಗುವ ಜಾಗದ ಹತ್ತಿರ ಬಾಗಿಲು ತೆಗೆದು ಇಟ್ಟುಬಿಡಿ. ಒಳಗೆ ಅದು ಮಲಗಿದ ಹಳೆಯ ಬಟ್ಟೆ ಹಾಸಿ, ಒಗೆಯಬೇಡಿ, ಆ ವಾಸನೆಯೇ ಅದಕ್ಕೆ ಧೈರ್ಯ. ಇಷ್ಟದ ತಿಂಡಿಯನ್ನು ಮೊದಲು ಬಾಗಿಲ ಬಳಿ ಇಡಿ, ನಾಲ್ಕು ದಿನ ಬಿಟ್ಟು ಸ್ವಲ್ಪ ಒಳಗೆ, ಆಮೇಲೆ ತುದಿಯಲ್ಲಿ. ಒಳಗೆ ಹೋದ ತಕ್ಷಣ ಬಾಗಿಲು ಹಾಕುವ ಆಸೆ ಬರುತ್ತದೆ, ಹಾಕಬೇಡಿ. ನಾನು ಅದೇ ತಪ್ಪು ಮಾಡಿ ಎರಡು ವಾರದ ಕೆಲಸ ಒಂದು ನಿಮಿಷದಲ್ಲಿ ಹಾಳು ಮಾಡಿಕೊಂಡೆ, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಈಗ ನನ್ನ ಬೆಕ್ಕು ಮಧ್ಯಾಹ್ನದ ನಿದ್ದೆಗೆ ತಾನಾಗಿಯೇ ಅದರೊಳಗೆ ಹೋಗುತ್ತದೆ.

ಹೊಸದು ಕೊಳ್ಳುವುದಾದರೆ ಮೇಲ್ಭಾಗ ಬಿಚ್ಚಲು ಬರುವಂಥದ್ದೇ ತೆಗೆದುಕೊಳ್ಳಿ. ಡಾಕ್ಟರಿಗೆ ಹೇಳಿ ಮುಚ್ಚಳ ಮಾತ್ರ ತೆಗೆದರೆ ಬೆಕ್ಕು ತನ್ನ ಬಟ್ಟೆಯ ಮೇಲೆ ಕೂತಿರುವಾಗಲೇ ಎಷ್ಟೋ ಪರೀಕ್ಷೆ ಮುಗಿಯುತ್ತದೆ. ಕತ್ತಿನ ಚರ್ಮ ಹಿಡಿದು ಎತ್ತುವುದು ಬೇಡ ಅಂತ ಮೊದಲೇ ಹೇಳಿ, ಕೇಳಲು ಸಂಕೋಚ ಬೇಡ.

ಹೊರಡುವಾಗ ಕ್ಯಾರಿಯರ್ ಮೇಲೆ ಟವೆಲ್ ಹೊದಿಸಿ. ಹಿಡಿಕೆಯಲ್ಲಿ ತೂಗಾಡಿಸದೆ ತಳಕ್ಕೆ ಕೈ ಕೊಟ್ಟು ಎದೆಗೆ ಒತ್ತಿ ಹಿಡಿದುಕೊಳ್ಳಿ. ಆಸ್ಪತ್ರೆಯಲ್ಲಿ ನೆಲದ ಮೇಲೆ ಇಡಬೇಡಿ, ಕುರ್ಚಿ ಮೇಲೋ ತೊಡೆ ಮೇಲೋ ಇರಲಿ, ನಾಯಿಗಳಿಗೆ ಬೆನ್ನು ಮಾಡಿ. ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಫೋನ್ ಮಾಡಿ ಕೇಳಿಕೊಂಡರೆ ಅರ್ಧ ಕಷ್ಟ ಕಳೆಯಿತು.

ಬೆಕ್ಕಿನ ಮೈ ಓದುವುದು ಕಲಿಯಿರಿ. ಕಿವಿ ಪಕ್ಕಕ್ಕೆ ಚಪ್ಪಟೆಯಾಯಿತು, ಕಣ್ಣಿನ ಪಾಪೆ ದೊಡ್ಡದಾಯಿತು, ಬಾಲ ಮೈಗೆ ಅಂಟಿಕೊಂಡಿತು ಅಂದರೆ ಭಯ ಏರುತ್ತಿದೆ, ಅಲ್ಲಿಗೇ ಸ್ವಲ್ಪ ಹೊತ್ತು ನಿಲ್ಲಿಸಿ. ಗುರುಗುಟ್ಟಿದರೆ ಖುಷಿಯಾಗಿದೆ ಅಂತ ಸುಮ್ನೆ ನಂಬಬೇಡಿ, ನೋವಿನಲ್ಲೂ ಹೆದರಿಕೆಯಲ್ಲೂ ಗುರುಗುಟ್ಟುತ್ತದೆ. ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹೆದರಿದ ಬೆಕ್ಕಿನ ರಕ್ತದ ಸಕ್ಕರೆ, ಬಿಪಿ, ಎದೆಬಡಿತ ಎಲ್ಲ ಏರುತ್ತದೆ, ಪರೀಕ್ಷೆಯ ಲೆಕ್ಕವೇ ತಪ್ಪಬಹುದು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಡಾಕ್ಟರ ಹತ್ತಿರ ಗ್ಯಾಬಪೆಂಟಿನ್ ಅನ್ನುವ ಔಷಧಿಯ ಬಗ್ಗೆ ಕೇಳಿ. ಹೊರಡುವ ಎರಡು ಮೂರು ಗಂಟೆ ಮೊದಲು ಕೊಡುತ್ತಾರೆ, ಭಯ ತಗ್ಗುತ್ತದೆ. ಪ್ರಮಾಣ ಅವರೇ ಹೇಳಬೇಕು. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮಾತ್ರ ಕೊಡಲೇಬೇಡಿ, ಒಂದು ಪ್ಯಾರಸಿಟಮಾಲ್ ಸಾಕು ಬೆಕ್ಕಿನ ಪ್ರಾಣ ತೆಗೆಯಲು.

ಆದರೆ ಕೆಲವಕ್ಕೆ ತಯಾರಿ ಅಂತ ಕಾಯಬಾರದು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬರದಿದ್ದರೆ, ಯಾವ ಬೆಕ್ಕೇ ಆಗಲಿ ಬಾಯಿ ತೆರೆದು ಏದುಸಿರು ಬಿಟ್ಟರೆ, ಟವೆಲ್‌ನಲ್ಲಿ ಸುತ್ತಿಕೊಂಡಾದರೂ ಆಗಲೇ ಓಡಿ. ಇಡೀ ದಿನ ಏನೂ ತಿನ್ನದಿದ್ದರೂ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಮನೆಯಲ್ಲಿ ಇನ್ನೊಂದು ಬೆಕ್ಕಿದೆಯಾ ಅಂತ ನೀವು ಬರೆದಿಲ್ಲ. ಇದ್ದರೆ, ವಾಪಸ್ ಬಂದ ಬೆಕ್ಕಿನ ಮೈಯಲ್ಲಿ ಆಸ್ಪತ್ರೆಯ ವಾಸನೆ ಇರುವುದರಿಂದ ಮನೆಯಲ್ಲಿದ್ದ ಬೆಕ್ಕು ಇದನ್ನು ಗುರುತಿಸದೆ ಬುಸುಗುಟ್ಟಬಹುದು. ಬಂದದ್ದನ್ನು ಒಂದು ರಾತ್ರಿ ಬೇರೆ ಕೋಣೆಯಲ್ಲಿಡಿ, ಮೈ ನೆಕ್ಕಿಕೊಂಡು ವಾಸನೆ ಕಳೆದುಕೊಳ್ಳಲಿ, ಆಮೇಲೆ ಬಾಗಿಲು ತೆಗೆಯಿರಿ.